ದೂರವೆಂದರೆ ಎಷ್ಟು ದೂರ?

ಹೊರನಾಡಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ದೂರ-ಹತ್ತಿರಗಳ ಲೆಕ್ಕ ಹೊಸದೇನಲ್ಲ. ಊರಿಗೆ ಎಷ್ಟು ದೂರ, ರೈಲಿನಲ್ಲಿ ಎಷ್ಟು ಹೊತ್ತು ಎಂಬ ಮಾತು ನಮ್ಮ ಮನೆಗಳಲ್ಲಿ ವಾರಕ್ಕೊಮ್ಮೆಯಾದರೂ ಬಂದೇ ಬರುತ್ತದೆ. ಆದರೆ ದೂರವನ್ನು ಅಳೆಯುವ ಕೋಲು ಒಂದೇ ಒಂದು ಎಂದು ನಾವು ಮರುಮಾತಿಲ್ಲದೆ ಒಪ್ಪಿಕೊಂಡುಬಿಟ್ಟಿದ್ದೇವೆ. ಗಣಿತಜ್ಞರು ಹಾಗೆ ಒಪ್ಪಲಿಲ್ಲ. ಅವರು ಬೇರೆ ಕೋಲೊಂದನ್ನು ಕಂಡುಹಿಡಿದು, ಈಚೆಗೆ ಸತ್ಯವನ್ನು ಅಳೆಯಲೂ ಹೊಸ ಕೋಲೊಂದನ್ನು ಅದರ ಜೊತೆಗೆ ಸೇರಿಸಿದ್ದಾರೆ. ಆ ಕಥೆಯನ್ನು ಓದುಗರ ಮುಂದೆ ಇಡಬೇಕೆಂಬುದು ನಮ್ಮ ಆಸೆ.

ಇಂಥ ವಿಷಯ ಕನ್ನಡದಲ್ಲಿ ಸಾಧ್ಯವೆ ಎಂದು ಕೆಲವರು ಹುಬ್ಬೇರಿಸಬಹುದು. 12ನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಬರೆದವನು. ಅವನ ‘ಕ್ಷೇತ್ರ’ ನೆಲದ ಅಳತೆಗೆ ಸಂಬಂಧಿಸಿದ್ದು. ಇಂದಿನ ಬೀಜಗಣಿತದ ‘ಕ್ಷೇತ್ರ’ವೆಂದರೆ ಕೂಡುವ, ಕಳೆಯುವ, ಗುಣಿಸುವ, ಸೊನ್ನೆಯೊಂದನ್ನು ಬಿಟ್ಟು ಉಳಿದುದರಿಂದ ಭಾಗಿಸುವ ಸೌಕರ್ಯವಿರುವ ಸಂಖ್ಯೆಗಳ ಸಮುದಾಯ. ಶಬ್ದ ಹಳೆಯದೇ, ಬೆಳೆ ಮಾತ್ರ ಹೊಸದು.

ಪಿನ್ ಕೋಡಿನ ಪಾಠ

1972ರ ಆಗಸ್ಟ್ 15ರಂದು ಜಾರಿಗೆ ಬಂದ ಅಂಚೆಯ ಪಿನ್ ಕೋಡನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ 560001, 560002 ಎರಡೂ ನೆರೆಹೊರೆ. ಮುಂಬಯಿಯ 400001 ಬಹು ದೂರ. ಎಡಗಡೆಯ ಅಂಕೆಗೆ ಹೆಚ್ಚಿನ ಬೆಲೆ, ಬಲಗಡೆಯದಕ್ಕೆ ಕಡಿಮೆ. ಇದು ನಮ್ಮ ನಿತ್ಯದ ಕೋಲು.

ಈಗ ಇನ್ನೊಂದು ಕೋಲು. ಎರಡು ಸಂಖ್ಯೆಗಳ ವ್ಯತ್ಯಾಸವನ್ನು ತೆಗೆದು, ಅದನ್ನು 5ರಿಂದ ಎಷ್ಟು ಸಲ ಶೇಷವಿಲ್ಲದೆ ಭಾಗಿಸಬಹುದೆಂದು ನೋಡಿರಿ. ಹೆಚ್ಚು ಸಲ ಭಾಗವಾದಷ್ಟೂ ಅವು ಹತ್ತಿರದವು. ಒಂದು ಸಲವಾದರೆ ದೂರ 1/5, ಎರಡು ಸಲವಾದರೆ 1/25, ಹೀಗೆ. 560001 ಮತ್ತು 560002ರ ವ್ಯತ್ಯಾಸ 1. ಅದು 5ರಿಂದ ಭಾಗವಾಗುವುದೇ ಇಲ್ಲ. ಆದ್ದರಿಂದ ಅವುಗಳ ದೂರ 1. ಬೆಂಗಳೂರು-ಮುಂಬಯಿಗಳ ವ್ಯತ್ಯಾಸ 160000. ನಾಲ್ಕು ಸಲ ಭಾಗವಾಗುತ್ತದೆ, ದೂರ 1/625. ದೆಹಲಿಯ 110001ನ್ನು ನೋಡಿದರೆ ವ್ಯತ್ಯಾಸ 450000. ಐದು ಸಲ ಭಾಗವಾಗಿ ದೂರ 1/3125ಕ್ಕೆ ಇಳಿಯಿತು! ಪುಣೆಯ 411001 ಮಾತ್ರ 1/125ರಷ್ಟು ದೂರದಲ್ಲಿಯೇ ನಿಂತಿತು. ಪಕ್ಕದ ಬೀದಿ ದೂರವಾಗಿ ದೆಹಲಿ ಹತ್ತಿರವಾದ ಈ ಲೆಕ್ಕದಲ್ಲಿ ತಪ್ಪಿಲ್ಲ. ಕೋಲು ಬೇರೆ, ಅಷ್ಟೆ.

ಈ ಲೋಕದ ತ್ರಿಕೋನಗಳೂ ವಿಚಿತ್ರ. ಬೆಂಗಳೂರು, ಮುಂಬಯಿ, ದೆಹಲಿಗಳ ತ್ರಿಕೋನವನ್ನು ಪೂರ್ತಿಮಾಡಿ ನೋಡಿದರೆ ಮುಂಬಯಿ-ದೆಹಲಿಗಳ ದೂರವೂ 1/625. ಯಾವ ಮೂರು ಸಂಖ್ಯೆಗಳನ್ನು ಆರಿಸಿದರೂ ಎರಡು ಬಾಹುಗಳು ಸಮವಾಗಿಯೇ ಇರುತ್ತವೆ.

ಈ ಕೋಲನ್ನು ಹಿಡಿದು ಹೊಸ ಸಂಖ್ಯೆಗಳನ್ನು ಕಟ್ಟಿದವನು ಜರ್ಮನಿಯ ಕುರ್ಟ್ ಹೆನ್ಸೆಲ್, 1897ರಲ್ಲಿ. 5ರ ಬದಲು ಯಾವ ಅವಿಭಾಜ್ಯ ಸಂಖ್ಯೆಯನ್ನಾದರೂ ಇಟ್ಟುಕೊಳ್ಳಬಹುದು. ಭಿನ್ನರಾಶಿಗಳ ನಡುವಣ ಸಂದುಗಳನ್ನು ನಿತ್ಯದ ದೂರಕ್ಕೆ ಅನುಸಾರವಾಗಿ ತುಂಬಿದರೆ ವಾಸ್ತವ ಸಂಖ್ಯೆಗಳು ದೊರೆಯುತ್ತವೆ. ಹೆನ್ಸೆಲನ ದೂರಕ್ಕೆ ಅನುಸಾರವಾಗಿ ತುಂಬಿದರೆ ಪಿ-ಆಡಿಕ್ ಸಂಖ್ಯೆಗಳು ದೊರೆಯುತ್ತವೆ. ಅಲ್ಲಿ 1+5+25+125 ಎಂದು ಕೊನೆಯಿಲ್ಲದೆ ಕೂಡುತ್ತ ಹೋದರೆ ಮೊತ್ತ ಹಿಗ್ಗಿ ಓಡಿಹೋಗುವುದಿಲ್ಲ. −1/4ಕ್ಕೆ ಬಂದು ಸೇರುತ್ತದೆ. ಮೊದಲ ಮೂರರ ಮೊತ್ತ 31. ಅದರ ನಾಲ್ಕು ಪಟ್ಟಿಗೆ 1 ಸೇರಿಸಿದರೆ 125, ಎಂದರೆ ಸೊನ್ನೆಗೆ ಹತ್ತಿರ. ಮುಂದೆ ಹೋದಷ್ಟೂ ಇನ್ನೂ ಹತ್ತಿರ.

ಹೀಗೆ ಎಷ್ಟು ಬಗೆಯ ಕೋಲುಗಳುಂಟು? ಎಲ್ಲ ಸಂಖ್ಯೆಗಳನ್ನೂ ಒಂದೇ ಸಮನೆ ಕಾಣುವ ಕ್ಷುಲ್ಲಕ ಅಳತೆಯನ್ನು ಬಿಟ್ಟರೆ, ಭಿನ್ನರಾಶಿಗಳಿಗೆ ಹೊಂದುವ ಕೋಲುಗಳು ನಿತ್ಯದ್ದೊಂದು, ಒಂದೊಂದು ಅವಿಭಾಜ್ಯಕ್ಕೆ ಒಂದೊಂದು, ಇಷ್ಟೇ ಎಂದು 1916ರಲ್ಲಿ ಓಸ್ಟ್ರೊವ್‌ಸ್ಕಿ ತೋರಿಸಿಕೊಟ್ಟನು. ಹೀಗೆ ಅಳತೆಗೋಲು ಜೊತೆಗಿರುವ ಕ್ಷೇತ್ರಕ್ಕೆ ಮೌಲ್ಯಯುತ ಕ್ಷೇತ್ರವೆಂದು ಹೆಸರಿಡೋಣ.

ತರ್ಕಶಾಸ್ತ್ರದ ಪ್ರವೇಶ

ಇಲ್ಲಿಗೆ ತರ್ಕಶಾಸ್ತ್ರಜ್ಞರು ಬಂದುದು ಹೇಗೆ? ಒಂದು ಭಾಷೆಯಲ್ಲಿ ಹೇಳಬಹುದಾದ ವಾಕ್ಯಗಳು ಯಾವ ಲೋಕದಲ್ಲಿ ನಿಜ, ಯಾವ ಲೋಕದಲ್ಲಿ ಸುಳ್ಳು ಎಂದು ವಿಚಾರಿಸುವ ಶಾಖೆಗೆ ಮಾದರಿ ಸಿದ್ಧಾಂತವೆಂದು ಹೆಸರು. ಎರಡು ಲೋಕಗಳು ಬೇರೆಯಾಗಿದ್ದರೂ ಭಾಷೆಗೆ ಆ ಭೇದ ಕಾಣದಿದ್ದರೆ, ಒಂದರಲ್ಲಿ ಸಾಧಿಸಿದ್ದನ್ನು ಇನ್ನೊಂದಕ್ಕೆ ಸಾಗಿಸಬಹುದು.

ಎಮಿಲ್ ಆರ್ಟಿನ್ ಎಂಬ ಮಹಾಗಣಿತಜ್ಞನ ಊಹೆಯೊಂದಿತ್ತು. ಸಮೀಕರಣವೊಂದರ ಎಲ್ಲ ಪದಗಳ ಘಾತವೂ ಒಂದೇ ಆಗಿದ್ದು, ಅವ್ಯಕ್ತಗಳ ಸಂಖ್ಯೆ ಆ ಘಾತದ ವರ್ಗಕ್ಕಿಂತ ಹೆಚ್ಚಾಗಿದ್ದರೆ, ಅದಕ್ಕೆ ಪಿ-ಆಡಿಕ್ ಸಂಖ್ಯೆಗಳಲ್ಲಿ ಎಲ್ಲವೂ ಸೊನ್ನೆಯಲ್ಲದ ಉತ್ತರ ಇದ್ದೇ ಇರಬೇಕು ಎಂಬುದೇ ಆ ಊಹೆ. ಪಿ-ಆಡಿಕ್ ಲೋಕದಲ್ಲಿ ಕೂಡುವಾಗ ‘ಕೈಲಿ ಒಂದು’ ಎಂದು ಮುಂದಿನ ಮನೆಗೆ ಸೇರಿಸಬೇಕು. ಕೈಲಿ ಏನನ್ನೂ ಉಳಿಸಿಕೊಳ್ಳದೆ ಮನೆಮನೆಗೆ ಪ್ರತ್ಯೇಕವಾಗಿ ಕೂಡುವ ಅವಳಿ ಲೋಕವೊಂದುಂಟು. ಅಲ್ಲಿ ಊಹೆ ನಿಜವೆಂದು 1952ರಲ್ಲಿ ಸರ್ಜ್ ಲ್ಯಾಂಗ್ ಸಾಧಿಸಿದ್ದನು. 1965ರಲ್ಲಿ ಜೇಮ್ಸ್ ಆಕ್ಸ್ ಮತ್ತು ಸೈಮನ್ ಕೊಚೆನ್, ಅವರಿಂದ ಸ್ವತಂತ್ರವಾಗಿ ರಷ್ಯದ ಯೂರಿ ಎರ್ಶೋವ್, ಈ ಎರಡು ಲೋಕಗಳ ನಡುವೆ ಸೇತುವೆ ಕಟ್ಟಿದರು. ಯಾವ ವಾಕ್ಯವನ್ನು ತೆಗೆದುಕೊಂಡರೂ, ಬೆರಳೆಣಿಕೆಗೆ ಸಿಗುವ ಅವಿಭಾಜ್ಯಗಳನ್ನು ಬಿಟ್ಟು ಉಳಿದೆಲ್ಲಕ್ಕೂ, ಅವಳಿಗಳಲ್ಲಿ ಅದರ ಸತ್ಯಾಸತ್ಯತೆ ಒಂದೇ. ಹೀಗೆ ಆರ್ಟಿನ್ನನ ಊಹೆ ಪ್ರತಿಯೊಂದು ಘಾತಕ್ಕೂ, ಕೆಲವೇ ಅವಿಭಾಜ್ಯಗಳನ್ನು ಬಿಟ್ಟು, ಸಿದ್ಧವಾಯಿತು. ಬಿಟ್ಟವನ್ನೂ ಸೇರಿಸಿಬಿಡೋಣವೆಂದರೆ ಆಗದು: ಮರುವರ್ಷವೇ, 1966ರಲ್ಲಿ, ಟೆರ್ಜಾನಿಯನ್ 2ರ ಲೋಕದಲ್ಲಿ ನಾಲ್ಕನೆಯ ಘಾತದ, 18 ಅವ್ಯಕ್ತಗಳ, ಉತ್ತರವೇ ಇಲ್ಲದ ಸಮೀಕರಣವೊಂದನ್ನು ಮುಂದಿಟ್ಟನು. ನಾಲ್ಕರ ವರ್ಗ 16. ಊಹೆ ಅಲ್ಲಿ ಮುರಿದುಬಿತ್ತು. ತರ್ಕ ಹಾಕಿಕೊಟ್ಟ ‘ಕೆಲವನ್ನು ಬಿಟ್ಟು’ ಎಂಬ ಷರತ್ತು ಹುಸಿ ಎಚ್ಚರಿಕೆಯಾಗಿರಲಿಲ್ಲ.

ಹೌದು-ಅಲ್ಲಗಳ ಆಚೆ

ಇಷ್ಟೆಲ್ಲ ನಡೆದುದು ಹೌದು ಅಥವಾ ಅಲ್ಲ ಎಂಬ ಎರಡೇ ಉತ್ತರಗಳ ತರ್ಕದಲ್ಲಿ. ಆದರೆ ದೂರವೇ ಮುಖ್ಯವಾದ ಲೋಕದಲ್ಲಿ ‘ಇವೆರಡೂ ಒಂದೆಯೆ?’ ಎಂದು ಕೇಳುವುದಕ್ಕಿಂತ ‘ಇವೆರಡರ ನಡುವೆ ಎಷ್ಟು ದೂರ?’ ಎಂದು ಕೇಳುವುದು ಸಹಜವಲ್ಲವೆ? ಈ ವಿಚಾರಕ್ಕೆ ಚಾಂಗ್ ಮತ್ತು ಕೀಸ್ಲರ್ 1966ರಲ್ಲಿ ಒಂದು ಗ್ರಂಥವನ್ನೇ ಮೀಸಲಿಟ್ಟರು. ಇಂದು ಬಳಕೆಯಲ್ಲಿರುವ ರೂಪವನ್ನು ಬೆನ್ ಯಾಕೊವ್, ಬೆರೆನ್‌ಸ್ಟೈನ್, ಹೆನ್ಸನ್, ಉಸ್ವ್ಯಾಟ್ಸೊವ್ ಈ ನಾಲ್ವರು 2008ರಲ್ಲಿ ಪ್ರಕಟವಾದ ತಮ್ಮ ವಿಸ್ತಾರವಾದ ಲೇಖನದಲ್ಲಿ ವಿವರಿಸಿದರು. ಇದೇ ನಿರಂತರ ತರ್ಕ.

ಇದರಲ್ಲಿ ಒಂದು ಹೇಳಿಕೆಯ ಬೆಲೆ 0ಯಿಂದ 1ರ ವರೆಗೆ ಎಷ್ಟಾದರೂ ಇರಬಹುದು. 0 ಎಂದರೆ ಪೂರ್ಣ ನಿಜ. ಬೆಲೆ ಏರಿದಷ್ಟೂ ನಿಜದಿಂದ ದೂರ. ‘ಎಲ್ಲಕ್ಕೂ’ ಎಂಬಲ್ಲಿ ಎಲ್ಲ ಬೆಲೆಗಳ ಮೇಲಣ ಎಲ್ಲೆಯನ್ನೂ, ‘ಯಾವುದಾದರೊಂದಕ್ಕೆ’ ಎಂಬಲ್ಲಿ ಕೆಳಗಣ ಎಲ್ಲೆಯನ್ನೂ ತೆಗೆದುಕೊಳ್ಳುತ್ತಾರೆ. ಇದು ಸಂಭವನೀಯತೆಯ ಲೆಕ್ಕವಲ್ಲ, ‘ಇದ್ದರೂ ಇರಬಹುದು’ ಎಂಬ ಹಾರಿಕೆಯ ಮಾತೂ ಅಲ್ಲ. ಒಂದೊಂದು ಬೆಲೆಯೂ ಖಚಿತ.

ಈ ತರ್ಕಕ್ಕೆ ಒಂದು ಕಟ್ಟುಪಾಡುಂಟು: ದೂರಗಳು ಒಂದು ಮಿತಿಯೊಳಗೆ ಇರಬೇಕು. ಮೌಲ್ಯಯುತ ಕ್ಷೇತ್ರದಲ್ಲಿಯಾದರೋ ಅಳತೆಗಳಿಗೆ ಮಿತಿಯಿಲ್ಲ. ಇತಾಯ್ ಬೆನ್ ಯಾಕೊವ್ 2014ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇದಕ್ಕೆ ಸೊಗಸಾದ ದಾರಿ ಇದೆ. ಕ್ಷೇತ್ರಕ್ಕೆ ‘ಅನಂತ’ವೆಂಬ ಒಂದು ಬಿಂದುವನ್ನು ಸೇರಿಸಿ, ದೂರಗಳು 1ನ್ನು ಮೀರದಂತೆ ಹೊಸದಾಗಿ ಅಳೆಯುವುದು. ಆಗ ಸೊನ್ನೆಯೂ ಅನಂತವೂ ಎದುರುಬದುರಾಗಿ ನಿಲ್ಲುತ್ತವೆ. ಸಂಖ್ಯೆಯನ್ನು ತಲೆಕೆಳಗು ಮಾಡಿ 2ನ್ನು 1/2 ಎಂದು ಬರೆದರೆ ದೂರಗಳು ಕಿಂಚಿತ್ತೂ ಕೆಡುವುದಿಲ್ಲ. ಕೂಡುವ ಕ್ರಿಯೆ ಮಾತ್ರ ಅನಂತದ ಬಳಿ ಎಡವುತ್ತದೆ. ಅದಕ್ಕಾಗಿ ‘ಮೊತ್ತ ಯಾವುದು?’ ಎಂದು ಕೇಳದೆ, ‘ಈ ಬಹುಪದದ ಮೌಲ್ಯ ಎಷ್ಟು?’ ಎಂದಷ್ಟೇ ಕೇಳುತ್ತಾರೆ.

ಫಲವೇನು? ಪ್ರತಿಯೊಂದು ಸಮೀಕರಣಕ್ಕೂ ತನ್ನಲ್ಲೇ ಉತ್ತರವುಳ್ಳ ಮೌಲ್ಯಯುತ ಕ್ಷೇತ್ರಗಳನ್ನು ಹಳೆಯ ತರ್ಕದಲ್ಲಿ 1956ರಷ್ಟು ಹಿಂದೆಯೇ ಅಬ್ರಹಾಂ ರಾಬಿನ್ಸನ್ ಅಭ್ಯಾಸ ಮಾಡಿದ್ದನು. ಆ ತರ್ಕದಲ್ಲಿ ಅವು ‘ಅಸ್ಥಿರ’ ವರ್ಗಕ್ಕೆ ಸೇರಿದವು. ನಿರಂತರ ತರ್ಕದಲ್ಲಿ ಅವೇ ‘ಸ್ಥಿರ’ವಾದವು! ಕೊನೆಯಿಲ್ಲದ ಸರತಿಸಾಲನ್ನು ಭಾಷೆಯ ಒಂದು ವಾಕ್ಯದಿಂದ ನಿಲ್ಲಿಸಬಹುದಾದರೆ ಅಸ್ಥಿರ, ನಿಲ್ಲಿಸಲಾಗದಿದ್ದರೆ ಸ್ಥಿರ ಎಂದು ಸ್ಥೂಲವಾಗಿ ಹೇಳಬಹುದು. ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುವುದನ್ನು ನೆನೆಯಿರಿ. ‘ಇವನು ಅವನಿಗಿಂತ ಎತ್ತರವೆ?’ ಎಂಬ ಪ್ರಶ್ನೆಗೆ ಕೂದಲೆಳೆಯ ವ್ಯತ್ಯಾಸವೂ ಸಾಕು. ಸಾಲು ಎಷ್ಟು ಉದ್ದವಾದರೂ ಬೆಳೆಯಬಹುದು. ನಿರಂತರ ತರ್ಕದಲ್ಲಿ ಕೂದಲೆಳೆ ಸಾಲದು. ಪ್ರತಿಯೊಬ್ಬನಿಗೂ ಒಂದಿಂಚಾದರೂ ವ್ಯತ್ಯಾಸ ಬೇಕು. ಆರಡಿಯೊಳಗೆ ಅಂಥ ಮೆಟ್ಟಿಲುಗಳು ಎಷ್ಟು ತಾನೇ ಹಿಡಿಸುತ್ತವೆ? ಸಾಲು ಬೇಗ ಮುಗಿದುಹೋಗುತ್ತದೆ. ಪೂರ್ಣ ಸಾಧನೆ ಇದಕ್ಕಿಂತ ಆಳವಾದುದು. ಇದು ಅದರ ಸುಳಿವು ಮಾತ್ರ. ವಾಸ್ತವ ಸಂಖ್ಯೆಗಳಂತೆ ಹಿರಿದು-ಕಿರಿದುಗಳ ಕ್ರಮವನ್ನು ಹೊತ್ತ ಕ್ಷೇತ್ರಗಳಿಗೆ ಇಷ್ಟು ಸ್ಥಿರತೆ ದೊರೆಯದಿದ್ದರೂ, ಅದಕ್ಕೆ ಒಂದು ಮೆಟ್ಟಿಲು ಕೆಳಗಿನ ಶಿಸ್ತು ಅಲ್ಲಿಯೂ ಉಂಟು.

ನಮಗೆ ಇದರಲ್ಲಿ ಹಿಡಿಸಿದ ಸಂಗತಿ ಇಷ್ಟು: ಸಂಖ್ಯೆಗಳು ಬದಲಾಗಲಿಲ್ಲ, ಅವನ್ನು ಕುರಿತು ಕೇಳುವ ಭಾಷೆ ಬದಲಾಯಿತು. ಹೌದು-ಅಲ್ಲ ಎಂದು ಗದರಿಸಿ ಕೇಳಿದಾಗ ಗೋಜಲಾಗಿ ಕಂಡದ್ದು, ‘ಎಷ್ಟು?’ ಎಂದು ಸಮಾಧಾನವಾಗಿ ಕೇಳಿದಾಗ ನೆಮ್ಮದಿಯಿಂದ ಕೂತು ಉತ್ತರ ಹೇಳಿತು. ಎರಡು ಭಾಷೆಗಳ ನಡುವೆ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಇದು ತೀರ ಅಪರಿಚಿತ ಮಾತೇನಲ್ಲ. ಹುಡುಗರು ಶಾಲೆಯಲ್ಲಿ ಗಣಿತವನ್ನು ಯಾವ ಭಾಷೆಯಲ್ಲಾದರೂ ಕಲಿಯಲಿ. ಒಂದು ಸಂಜೆ ಕಾಗದ ಪೆನ್ಸಿಲು ಹಿಡಿದು, ತಮ್ಮ ಬಡಾವಣೆಯ ಪಿನ್ ಕೋಡಿಗೂ ಅಜ್ಜಿಯ ಊರಿನ ಪಿನ್ ಕೋಡಿಗೂ ಹೆನ್ಸೆಲನ ದೂರ ಎಷ್ಟೆಂದು ಕನ್ನಡದಲ್ಲಿ ಲೆಕ್ಕ ಹಾಕಲಿ. 5ರಿಂದ ಹಾಕಿದ ಮೇಲೆ 2ರಿಂದ, 3ರಿಂದಲೂ ಹಾಕಿ ನೋಡಲಿ. ಕೋಲು ಬದಲಾದಂತೆ ಊರು ಸರಿದಾಡುವ ಸೋಜಿಗವನ್ನು ಅವರೇ ಕಾಣುವರು.