ಅಪೆಂಡಿಕ್ಸಿನ ತುದಿ

ಹೊಟ್ಟೆನೋವೆಂದು ಬಂದವರ ಅಪೆಂಡಿಕ್ಸ್ ತೆಗೆದು ಮನೆಗೆ ಕಳಿಸಿದ ಮೇಲೂ ಆಸ್ಪತ್ರೆಯಲ್ಲಿ ಒಂದು ಕೆಲಸ ಬಾಕಿ ಇರುತ್ತದೆ. ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಅದು ಪೆಥಾಲಜಿಸ್ಟರ ಮೇಜಿಗೆ ಬರುತ್ತದೆ. ಹೀಗೆ ಬಂದ ನೂರರಲ್ಲಿ ಹೆಚ್ಚುಕಡಿಮೆ ಒಂದರಲ್ಲಿ, ಯಾರೂ ನಿರೀಕ್ಷಿಸದ ಗೆಡ್ಡೆ ಅಡಗಿರುತ್ತದೆ. ಆ ಒಂದನ್ನು ಕೈತಪ್ಪಿ ಹೋಗದಂತೆ ಹಿಡಿಯುವವರ ಕಸುಬಿನ ಬಗ್ಗೆ ನನಗೆ ಅಪಾರ ಗೌರವ.

ಮೊದಲು ಬರಿಗಣ್ಣಿನ ಪರೀಕ್ಷೆ: ಉದ್ದ, ದಪ್ಪ, ಎಲ್ಲಾದರೂ ಗಂಟು ಕೈಗೆ ಸಿಗುತ್ತದೆಯೇ ಎಂದು. ಕರುಳಿನಿಂದ ಕತ್ತರಿಸಿದ ಬುಡದ ಅಂಚನ್ನು ಬೇರೆಯಾಗಿಯೇ ತೆಗೆದಿಡುತ್ತಾರೆ. ನಡುಭಾಗವನ್ನು ಬೆಂಡೆಕಾಯಿ ಹೆಚ್ಚಿದ ಹಾಗೆ ಅಡ್ಡಡ್ಡ ಬಿಲ್ಲೆ ಮಾಡುತ್ತಾರೆ. ತುದಿಯನ್ನು ಮಾತ್ರ ಉದ್ದಕ್ಕೆ ಸೀಳುತ್ತಾರೆ. ಏಕೆಂದರೆ ಹಾರ್ಮೋನು ಸ್ರವಿಸುವ ಜೀವಕೋಶಗಳಿಂದ ಹುಟ್ಟುವ ಇಲ್ಲಿನ ನ್ಯೂರೋಎಂಡೋಕ್ರೈನ್ ಗೆಡ್ಡೆಗಳು ಬಹುಪಾಲು ತುದಿಯಲ್ಲೇ ಬೆಳೆಯುವಂಥವು; ಕೆಲವೇ ಮಿಲಿಮೀಟರಿನ ಗಂಟು ಎರಡು ಬಿಲ್ಲೆಗಳ ನಡುವೆ ತಪ್ಪಿಸಿಕೊಳ್ಳಬಾರದು. ಫಾರ್ಮಲಿನ್‌ನಲ್ಲಿ ನೆನೆದ ಮೇಲೆ ಅದು ಹಳದಿಗೆ ತಿರುಗುತ್ತದೆ. ಪಳಗಿದ ಕಣ್ಣು ಅಲ್ಲೇ ನಿಲ್ಲುತ್ತದೆ.

ಮ್ಯೂನಿಕ್‌ನ ಪೆಥಾಲಜಿಸ್ಟ್ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ 1907ರಲ್ಲಿ ಸಣ್ಣಕರುಳಿನ ಇಂಥ ಗೆಡ್ಡೆಗಳಿಗೆ ಕಾರ್ಸಿನಾಯ್ಡ್ ಎಂದು ಹೆಸರಿಟ್ಟು, ಇವು ನಿರುಪದ್ರವಿಗಳೆಂದು ಬರೆದ. ಇವು ಹರಡಲೂಬಹುದು ಎಂದು 1929ರಲ್ಲಿ ತಾನೇ ತಿದ್ದಿದ. ಆ ಪ್ರಾಮಾಣಿಕತೆ ಈ ಕಸುಬಿನದೇ ಗುಣ ಎನಿಸುತ್ತದೆ.

ಅಪೆಂಡಿಕ್ಸಿನಲ್ಲಿ ಸಿಕ್ಕ ಇಂಥ ಗೆಡ್ಡೆ 1 ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದು ಪೂರ್ತಿ ಹೊರಬಂದಿದ್ದರೆ ಸಾಮಾನ್ಯವಾಗಿ ಇನ್ನೇನೂ ಮಾಡಬೇಕಿಲ್ಲ. 2 ದಾಟಿದ್ದರೆ ದೊಡ್ಡಕರುಳಿನ ಬಲಭಾಗ ತೆಗೆಯುವ ಮಾತು ಬರುತ್ತದೆ. ಕಷ್ಟ ಇರುವುದು ನಡುವಿನ ಅಳತೆಯಲ್ಲಿ. ಬುಡದ ಅಂಚು ಚೊಕ್ಕವೇ, ರಕ್ತನಾಳದೊಳಗೆ ಇಳಿದಿದೆಯೇ, ಪಕ್ಕದ ಕೊಬ್ಬಿನೊಳಗೆ ಎಷ್ಟು ಆಳ ಹೋಗಿದೆ, ಜೀವಕೋಶಗಳು ಎಷ್ಟು ವೇಗವಾಗಿ ಒಡೆಯುತ್ತಿವೆ, ಇವನ್ನೆಲ್ಲ ತೂಗಿ ನೋಡಬೇಕು.

ಇನ್ನೊಂದು ಬಗೆಯ ಗೆಡ್ಡೆಯಿಂದಾಗಿ ಲೋಳೆ ತುಂಬಿ ಊದಿಕೊಂಡ ಅಪೆಂಡಿಕ್ಸಿನ ದಾರಿಯೇ ಬೇರೆ. ಇದು ಆಪರೇಷನ್ ಮೇಜಿನ ಮೇಲೇ ಕಾಣುತ್ತದೆ, ಸರ್ಜನ್ನರ ಕೈಯ ಹದ ಪರೀಕ್ಷೆಗೆ ಬರುವುದೂ ಆಗಲೇ. ಊದಿದ ಭಾಗವನ್ನು ಇಕ್ಕಳದಿಂದ ಹಿಡಿಯದೆ, ಅದಕ್ಕೆ ಅಂಟಿಕೊಂಡ ಪೊರೆಯನ್ನಷ್ಟೇ ಹಿಡಿದೆತ್ತಿ, ಚೀಲದೊಳಗಿಟ್ಟು ಹೊರತೆಗೆಯುತ್ತಾರೆ. ಒಡೆದು ಲೋಳೆ ಚೆಲ್ಲಿದರೆ ಅದರಲ್ಲಿನ ಜೀವಕೋಶಗಳು ಹೊಟ್ಟೆಯ ಒಳಪದರದ ಮೇಲೆ ಬೇರೂರಿ, ವರ್ಷಗಳ ಮೇಲೆ ಹೊಟ್ಟೆಯೆಲ್ಲ ಲೋಳೆಯಾಗುವ ಸೂಡೋಮಿಕ್ಸೋಮ ಕಾಯಿಲೆ ಬರಬಹುದು. ಹಾಗಾಗಿ ಇಂಥ ಅಪೆಂಡಿಕ್ಸಿನ ಒಂದು ಚೂರನ್ನೂ ಉಳಿಸದೆ ಪೂರ್ತಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಗೋಡೆಯ ಹೊರಗೆ ಲೋಳೆ ಇದೆಯೇ, ಇದ್ದರೆ ಅದರಲ್ಲಿ ಜೀವಕೋಶಗಳಿವೆಯೇ ಎಂಬುದರಿಂದ ರೋಗಿಯನ್ನು ಮುಂದೆ ಎಷ್ಟು ವರ್ಷ ಸ್ಕ್ಯಾನ್ ಮಾಡುತ್ತ ಕಾಯಬೇಕೆಂದು ಗೊತ್ತಾಗುತ್ತದೆ.