ಯೂರೋಪಿನ ಅಗ್ನಿ ಸಾಲಮ್ಯಾಂಡರ್: ಜೀವನಚಕ್ರ ಮತ್ತು ಅಳಿವಿನ ಭೀತಿ

ಇಂದು ಬದುಕಿರುವ ಉಭಯವಾಸಿಗಳನ್ನು ಜೀವವಿಜ್ಞಾನಿಗಳು ಮೂರು ಗಣಗಳಾಗಿ ವಿಂಗಡಿಸಿದ್ದಾರೆ. ಬಾಲವಿಲ್ಲದ ಕಪ್ಪೆಗಳು ಮೊದಲನೆಯ ಗಣಕ್ಕೆ, ಕಾಲಿಲ್ಲದೆ ಮಣ್ಣಿನಲ್ಲಿ ಹುದುಗಿ ಬಾಳುವ ಸಿಸಿಲಿಯನ್‌ಗಳು ಎರಡನೆಯದಕ್ಕೆ, ಬಾಲವುಳ್ಳ ಸಾಲಮ್ಯಾಂಡರ್ ಹಾಗೂ ನ್ಯೂಟ್‌ಗಳು ಮೂರನೆಯದಕ್ಕೆ ಸೇರುತ್ತವೆ. ಮೊದಲ ಎರಡು ಗಣಗಳ ಅನೇಕ ಪ್ರಭೇದಗಳು ಪಶ್ಚಿಮ ಘಟ್ಟಗಳಲ್ಲಿವೆ. ಮೂರನೆಯ ಗಣದ ಪ್ರಾಣಿಗಳಾದರೋ ಭಾರತದಲ್ಲಿ ಪೂರ್ವ ಹಿಮಾಲಯ ಮತ್ತು ಈಶಾನ್ಯ ಭಾಗಕ್ಕೆ ಸೀಮಿತವಾಗಿರುವುದರಿಂದ ಕನ್ನಡನಾಡಿನಲ್ಲಿ ಅವು ಅಪರಿಚಿತವಾಗಿಯೇ ಉಳಿದಿವೆ. ಈ ಗಣದ ಜೀವನಕ್ರಮವನ್ನು ಅರಿಯಲು ಯೂರೋಪಿನ ಅಗ್ನಿ ಸಾಲಮ್ಯಾಂಡರ್ ಉತ್ತಮ ನಿದರ್ಶನ.

ಹೆಸರು ಮತ್ತು ನಂಬಿಕೆ

ಸಾಲಮ್ಯಾಂಡರ್ ಬೆಂಕಿಯನ್ನೇ ನಂದಿಸುವಷ್ಟು ತಣ್ಣಗಿರುತ್ತದೆಂದು ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಈ ಪ್ರಾಣಿ ಟೊಳ್ಳು ಮರಗಳಲ್ಲಿ, ಕೊಳೆತ ದಿಮ್ಮಿಗಳ ಅಡಿಯಲ್ಲಿ ಅಡಗಿರುತ್ತದೆ. ಅಂತಹ ಸೌದೆಯನ್ನು ಒಲೆಗೆ ಒಡ್ಡಿದಾಗ ಅದು ಹೊರಗೆ ಓಡಿಬರುತ್ತಿದ್ದುದೇ ಬೆಂಕಿಯೊಡನೆ ಅದರ ನಂಟಿನ ಕಥೆಗಳಿಗೆ ಮೂಲವಾಗಿರಬೇಕು. 1758ರಲ್ಲಿ ಲಿನೇಯಸ್ ಇದನ್ನು ಹಲ್ಲಿಗಳ ಜಾತಿಗೆ ಸೇರಿಸಿದ್ದನು. ಇಂದು ಇದರ ವೈಜ್ಞಾನಿಕ ಹೆಸರು ಸಾಲಮಾಂಡ್ರ ಸಾಲಮಾಂಡ್ರ. ಹೊರನೋಟಕ್ಕೆ ಹಲ್ಲಿಯನ್ನು ಹೋಲಿದರೂ ಇದರ ಚರ್ಮದಲ್ಲಿ ಹುರುಪೆಗಳಿಲ್ಲ, ಬೆರಳುಗಳಲ್ಲಿ ಉಗುರುಗಳಿಲ್ಲ.

ದೇಹರಚನೆ ಮತ್ತು ರಕ್ಷಣೆ

ಪ್ರೌಢ ಪ್ರಾಣಿಯ ಉದ್ದ ಸಾಮಾನ್ಯವಾಗಿ 15ರಿಂದ 25 ಸೆಂಟಿಮೀಟರ್. ಹೊಳೆಯುವ ಕಪ್ಪು ಮೈಮೇಲೆ ಹಳದಿ ಮಚ್ಚೆಗಳೋ ಪಟ್ಟೆಗಳೋ ಇರುತ್ತವೆ. ಈ ವಿನ್ಯಾಸ ಒಂದರದು ಇನ್ನೊಂದರಂತಿರುವುದಿಲ್ಲ. ಆದಕಾರಣ ಸಂಶೋಧಕರು ಛಾಯಾಚಿತ್ರಗಳ ಸಹಾಯದಿಂದಲೇ ಪ್ರತಿಯೊಂದನ್ನೂ ಗುರುತಿಸಬಲ್ಲರು. ಕಣ್ಣುಗಳ ಹಿಂಭಾಗದಲ್ಲಿಯೂ ಬೆನ್ನಿನ ಉದ್ದಕ್ಕೂ ಇರುವ ಗ್ರಂಥಿಗಳು ಸಮಂಡರಿನ್ ಎಂಬ ವಿಷವನ್ನು ಸ್ರವಿಸುತ್ತವೆ. ಅದು ನರಮಂಡಲವನ್ನು ಕೆರಳಿಸಿ ಸ್ನಾಯುಸೆಳೆತವನ್ನುಂಟುಮಾಡುತ್ತದೆ. ಹಳದಿ ಬಣ್ಣವು ಬೇಟೆಗಾರ ಪ್ರಾಣಿಗಳಿಗೆ ಈ ವಿಷದ ಮುನ್ನೆಚ್ಚರಿಕೆಯಾಗಿ ಪರಿಣಮಿಸಿದೆ.

ಬೀಚ್ ಮರಗಳು ಬೆಳೆದ, ತಣ್ಣನೆಯ ತೊರೆಗಳು ಹರಿಯುವ ಎಲೆಯುದುರುವ ಕಾಡುಗಳು ಇದಕ್ಕೆ ಪ್ರಿಯವಾದ ನೆಲೆ. ಹಗಲಿನಲ್ಲಿ ಅಡಗಿದ್ದು ತೇವದ ರಾತ್ರಿಗಳಲ್ಲಿ ಎರೆಹುಳು, ಚಿಪ್ಪಿಲ್ಲದ ಬಸವನಹುಳು, ಕೀಟ ಮುಂತಾದವುಗಳನ್ನು ಹುಡುಕಿ ತಿನ್ನುತ್ತದೆ. ಚಳಿಗಾಲವನ್ನು ಹಿಮ ತಾಕದ ಬಿಲ, ಬಂಡೆಸಂದುಗಳಲ್ಲಿ ಕಳೆಯುತ್ತದೆ.

ಸಂತಾನೋತ್ಪತ್ತಿ

ಕಪ್ಪೆಗಳಲ್ಲಿ ಸಾಮಾನ್ಯವಾಗಿ ಮೊಟ್ಟೆಗಳು ದೇಹದ ಹೊರಗೆ ಫಲಿತವಾಗುತ್ತವೆ. ಅಗ್ನಿ ಸಾಲಮ್ಯಾಂಡರ್‌ನ ಕೂಡುವಿಕೆ ನಡೆಯುವುದು ನೆಲದ ಮೇಲೆ. ಗಂಡು ಹೆಣ್ಣಿನ ಕೆಳಗೆ ನುಸುಳಿ, ಮುಂಗಾಲುಗಳಿಂದ ಅದನ್ನು ಹಿಡಿದು, ಶುಕ್ರಾಣುಗಳ ಗಂಟೊಂದನ್ನು ನೆಲದ ಮೇಲಿರಿಸುತ್ತದೆ. ಹೆಣ್ಣು ಅದನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಶುಕ್ರಾಣುಗಳು ಹೆಣ್ಣಿನ ದೇಹದಲ್ಲಿ ಬಹುಕಾಲ ಜೀವಂತವಾಗಿರಬಲ್ಲವು. ಫಲಿತ ಮೊಟ್ಟೆಗಳು ಅಂಡನಾಳದಲ್ಲಿಯೇ ಭಂಡಾರದ ಆಹಾರವನ್ನುಂಡು ಬೆಳೆಯುತ್ತವೆ. ವಸಂತ ಬಂದಾಗ ಹೆಣ್ಣು ತೊರೆ ಅಥವಾ ಕೊಳದ ಅಂಚಿಗೆ ಬಂದು, ದೇಹದ ಹಿಂಭಾಗವನ್ನಷ್ಟೇ ನೀರಿಗಿಳಿಸಿ, ಹಲವು ಹತ್ತು ಡಿಂಭಗಳನ್ನು ಹೆರುತ್ತದೆ. ಪ್ರೌಢ ಪ್ರಾಣಿಗೆ ಈಜು ಚೆನ್ನಾಗಿ ಬಾರದು. ಆಳವಾದ ನೀರಿಗೆ ಬಿದ್ದರೆ ಅದು ಮುಳುಗಿ ಸಾಯಲೂಬಹುದು.

ಸುಮಾರು 3 ಸೆಂಟಿಮೀಟರ್ ಉದ್ದದ ಡಿಂಭಕ್ಕೆ ಹುಟ್ಟುವಾಗಲೇ ನಾಲ್ಕು ಕಾಲುಗಳೂ ಗರಿಯಂತಹ ಹೊರಕಿವಿರುಗಳೂ ಇರುತ್ತವೆ. ಈ ಅಂಶದಲ್ಲಿ ಅದು ಕಪ್ಪೆಯ ಗೊದಮೊಟ್ಟೆಗಿಂತ ಭಿನ್ನ. ಸಣ್ಣ ಜಲಚರಗಳು ಅದರ ಆಹಾರ. ಆಹಾರ ಸಾಲದಾದಾಗ ತನ್ನ ಒಡಹುಟ್ಟುಗಳನ್ನೂ ತಿನ್ನುತ್ತದೆ. ಕೆಲವು ತಿಂಗಳಲ್ಲಿ ಕಿವಿರುಗಳು ಕುಗ್ಗಿ, ಹಳದಿ ಮಚ್ಚೆಗಳು ಮೂಡಿ, ಮರಿ ನೆಲಕ್ಕೇರುತ್ತದೆ. ಜರ್ಮನಿಯ ಬಾನ್ ನಗರದ ಸಮೀಪದ ಕೊಟ್ಟನ್‌ಫೋರ್ಸ್ಟ್ ಕಾಡಿನಲ್ಲಿ ತೊರೆಗಳಲ್ಲಿ ಹೆರುವವು ಹಾಗೂ ಬೇಗ ಬತ್ತುವ ಕೊಳಗಳಲ್ಲಿ ಹೆರುವವು ತಳಿಗುಣದಲ್ಲಿಯೇ ಬೇರೆಯಾಗುತ್ತಿರುವುದನ್ನು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಉತ್ತರ ಸ್ಪೇನಿನ ಒಂದು ಉಪಪ್ರಭೇದವಾದರೋ ನೀರಿನ ಹಂಗನ್ನೇ ತೊರೆದು, ರೂಪಪರಿವರ್ತನೆ ಮುಗಿದ ಮರಿಗಳನ್ನು ನೇರವಾಗಿ ನೆಲದ ಮೇಲೆ ಹೆರುತ್ತದೆ.

ಶಿಲೀಂಧ್ರದ ಪಿಡುಗು

ಪ್ರಾಯಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕಾಗುವ ಈ ಪ್ರಾಣಿ ಇಪ್ಪತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಡಿಂಭಗಳಲ್ಲಿ ಬಹುಪಾಲು ಸತ್ತರೂ ದೀರ್ಘಾಯುಷಿಗಳಾದ ಪ್ರೌಢ ಪ್ರಾಣಿಗಳು ವರ್ಷ ವರ್ಷವೂ ಹೆತ್ತು ಆ ನಷ್ಟವನ್ನು ತುಂಬುತ್ತವೆ. ಸಂತತಿಯ ಉಳಿವು ನಿಂತಿರುವುದು ಪ್ರೌಢ ಪ್ರಾಣಿಗಳ ಆಯುಷ್ಯದ ಮೇಲೆ. ಹೊಸ ರೋಗವು ಪೆಟ್ಟುಕೊಟ್ಟಿದ್ದು ಇದಕ್ಕೇ.

ನೆದರ್ಲೆಂಡ್ಸ್‌ನಲ್ಲಿ 2010ರಿಂದ ಇವುಗಳ ಸಂಖ್ಯೆ ಕುಸಿಯತೊಡಗಿ, 2013ರ ವೇಳೆಗೆ ಮೂಲ ಸಂಖ್ಯೆಯ ಶೇ. 4ರಷ್ಟು ಮಾತ್ರ ಉಳಿಯಿತು. ಅದೇ ವರ್ಷ ಬೆಲ್ಜಿಯಮ್ಮಿನ ಆನ್ ಮಾರ್ಟೆಲ್ ಮತ್ತು ಸಂಗಡಿಗರು ಇದಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, 'ಸಾಲಮ್ಯಾಂಡರ್ ಭಕ್ಷಕ' ಎಂಬರ್ಥದ ಪ್ರಭೇದನಾಮವನ್ನು ಕೊಟ್ಟರು. ಇದು ಚರ್ಮದಲ್ಲಿ ಹುಣ್ಣುಗಳನ್ನುಂಟುಮಾಡುತ್ತದೆ. ಉಸಿರಾಟಕ್ಕೂ ನೀರು-ಲವಣಗಳ ಸಮತೋಲಕ್ಕೂ ಚರ್ಮವನ್ನೇ ನೆಚ್ಚಿರುವ ಪ್ರಾಣಿಗೆ ಇದು ಮಾರಕ. ಏಷ್ಯಾದ ಹಲವು ಪ್ರಭೇದಗಳು ಈ ಶಿಲೀಂಧ್ರವನ್ನು ಹೊತ್ತೂ ಬದುಕುತ್ತವೆ. ಸಾಕುಪ್ರಾಣಿಗಳ ವ್ಯಾಪಾರದ ಮೂಲಕ ಅದು ಯೂರೋಪನ್ನು ಸೇರಿತೆಂಬುದು ತಜ್ಞರ ನಿರ್ಣಯ.

10ರಿಂದ 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಈ ಶಿಲೀಂಧ್ರ ಚೆನ್ನಾಗಿ ಬೆಳೆಯುತ್ತದೆ; ಅಂದರೆ ಸಾಲಮ್ಯಾಂಡರ್‌ಗೆ ಹಿತವಾದ ತಂಪು ಕಾಡೇ ಅದಕ್ಕೂ ಹಿತ. ಸೆರೆಯಲ್ಲಿರುವ ಪ್ರಾಣಿಯನ್ನು 25 ಡಿಗ್ರಿ ಉಷ್ಣತೆಯಲ್ಲಿ ಹತ್ತು ದಿನವಿರಿಸಿ ಗುಣಪಡಿಸಬಹುದು. ಕಾಡಿನಲ್ಲಿ ಆ ಚಿಕಿತ್ಸೆ ಅಸಾಧ್ಯ. ಅಲ್ಲಿ ಶಿಲೀಂಧ್ರದ ಗಟ್ಟಿ ಕವಚದ ಬೀಜಕಗಳು ನೀರಿನಲ್ಲಿ ಉಳಿದುಕೊಳ್ಳುತ್ತವೆ. ರೋಗವನ್ನು ತಾಳಿಕೊಳ್ಳಬಲ್ಲ ಇತರ ಉಭಯವಾಸಿಗಳೂ ಅದಕ್ಕೆ ಆಸರೆಯಾಗುತ್ತವೆ. ಆದುದರಿಂದ ರೋಗ ಹರಡದಂತೆ ತಡೆಯುವುದೇ ಸದ್ಯದ ಮುಖ್ಯ ಉಪಾಯ. 2016ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು 201 ಸಾಲಮ್ಯಾಂಡರ್ ಪ್ರಭೇದಗಳ ಆಮದನ್ನು ನಿಷೇಧಿಸಿತು. 2018ರಲ್ಲಿ ಯೂರೋಪಿಯನ್ ಒಕ್ಕೂಟವು ಇವುಗಳ ವ್ಯಾಪಾರಕ್ಕೆ ಆರೋಗ್ಯ ನಿಯಮಗಳನ್ನು ವಿಧಿಸಿತು. ನೆದರ್ಲೆಂಡ್ಸ್‌ನಲ್ಲಿ ಅಳಿದುಳಿದ ಪ್ರಾಣಿಗಳಲ್ಲಿ ಕೆಲವನ್ನು ಹಿಡಿದು ಸಂರಕ್ಷಣೆಯಲ್ಲಿಡಲಾಯಿತು. ಕಾಡು ಕಡಿಯದೆ, ತೊರೆ ಬತ್ತದೆ ಇದ್ದರೂ ಪ್ರಾಣಿಯೊಂದು ತನ್ನ ನೆಲೆಯಿಂದ ಮರೆಯಾಗಬಹುದೆಂಬುದನ್ನು ಅಗ್ನಿ ಸಾಲಮ್ಯಾಂಡರ್‌ನ ಪಾಡು ಸ್ಪಷ್ಟಪಡಿಸುತ್ತದೆ. ಉಭಯವಾಸಿಗಳಿಂದ ಸಮೃದ್ಧವಾದ ಪಶ್ಚಿಮ ಘಟ್ಟದಂತಹ ಪ್ರದೇಶಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.