ಲಾಗಿನ್ ಪರದೆ ಬರ್ತಿಲ್ವಾ? ಫಾರ್ಮ್ಯಾಟ್ ಹೊಡೆಸೋ ಮುಂಚೆ ಇದನ್ನು ನೋಡಿ

ಬೆಳಿಗ್ಗೆ ಅಂಗಡಿ ಶಟರ್ ಎತ್ತಿ, ದೇವರ ಫೋಟೋಗೆ ಊದಿನಕಡ್ಡಿ ಹಚ್ಚಿ, ಕಂಪ್ಯೂಟರ್ ಸ್ವಿಚ್ ಒತ್ತಿದರೆ ಲಾಗಿನ್ ಪರದೆ ಬರೋದೇ ಇಲ್ಲ. ಕಪ್ಪು ಪರದೆ ಮೇಲೆ ಬಿಳಿ ಅಕ್ಷರ, ಕೊನೆಗೆ ಬ್ರಾಕೆಟ್ಟಿನಲ್ಲಿ ‘ಇನಿಟ್‌ರಾಮ್‌ಎಫ್‌ಎಸ್’ ಅನ್ನೋ ಪದ. ಬಿಲ್ಲು, ಉದ್ರಿ ಲೆಕ್ಕ, ಗಿರಾಕಿಗಳ ಫೈಲು ಎಲ್ಲಾ ಒಳಗೇ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಳೇ ಮಷಿನ್ ಬಿಸಾಡಲು ಮನಸ್ಸಾಗದೆ ಉಬುಂಟು, ಲಿನಕ್ಸ್ ಮಿಂಟ್ ಹಾಕಿಸಿಕೊಂಡವರಿಗೆ ಇಂಥ ಪರದೆ ಕಂಡರೆ ಗಾಬರಿ ಸಹಜ. ರಿಪೇರಿಗೆ ಒಯ್ದರೆ ‘ಫಾರ್ಮ್ಯಾಟ್ ಹೊಡೀಬೇಕು ಸಾರ್’ ಅನ್ನೋ ಉತ್ತರವೂ ಮಾಮೂಲು. ಸ್ವಲ್ಪ ತಡೀರಿ. ಎಷ್ಟೋ ಸಲ ಫೈಲುಗಳು ಇದ್ದಲ್ಲೇ ಇರುತ್ತವೆ, ಅಲ್ಲಿಗೆ ಹೋಗುವ ದಾರಿ ಮಾತ್ರ ಕೆಟ್ಟಿರುತ್ತೆ.

ಇದಕ್ಕೆ ದೊಡ್ಡ ಕಾರಣ ಕರೆಂಟ್. ಡಿಸ್ಕಿಗೆ ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ, ಖಾತೆ ಪುಸ್ತಕದಲ್ಲಿ ಜಮೆ ಬರೆದು ಖರ್ಚು ಬರೆಯೋದು ಬಿಟ್ಟಂತೆ ಲೆಕ್ಕ ತಾಳೆಯಾಗೋದಿಲ್ಲ. ಸಣ್ಣಪುಟ್ಟದ್ದನ್ನು ಲಿನಕ್ಸ್ ತಾನೇ ಸರಿಮಾಡಿಕೊಳ್ಳುತ್ತೆ. ಆಗದಿದ್ದಾಗ ಅಲ್ಲೇ ನಿಂತು ಮಾಲೀಕರ ಅಪ್ಪಣೆ ಕೇಳುತ್ತೆ, ಅಷ್ಟೇ.

ಮೊದಲು ‘ಎಕ್ಸಿಟ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. (ಕಮಾಂಡ್‌ಗಳನ್ನೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲೇ ಹೊಡೆಯಬೇಕು.) ಯಾವ ಭಾಗ ಕೆಟ್ಟಿದೆ ಎಂದು ಸಾಮಾನ್ಯವಾಗಿ ಪರದೆಯೇ ಹೇಳುತ್ತೆ. ಅದು ‘ಎಸ್‌ಡಿಎ2’ ಎಂದಿಟ್ಟುಕೊಳ್ಳಿ. ಆಗ ‘ಎಫ್‌ಎಸ್‌ಸಿಕೆ’, ಒಂದು ಸ್ಪೇಸ್, ‘-ವೈ’, ಮತ್ತೊಂದು ಸ್ಪೇಸ್, ‘/ಡಿಇವಿ/ಎಸ್‌ಡಿಎ2’ ಎಂದು ಹೊಡೆದು ಎಂಟರ್. ಸರಿಪಡಿಸಲೇ ಎಂಬ ಪ್ರತಿ ಪ್ರಶ್ನೆಗೂ ಆ ‘ವೈ’ ಹೌದು ಅನ್ನುತ್ತೆ. ಮುಗಿದ ಮೇಲೆ ಮತ್ತೆ ‘ಎಕ್ಸಿಟ್’. ಲಾಗಿನ್ ಬಂದರೆ ಮೊದಲ ಕೆಲಸ ಪೆನ್‌ಡ್ರೈವ್‌ಗೆ ಬ್ಯಾಕಪ್, ವ್ಯಾಪಾರ ಆಮೇಲೆ.

ಆದರೆ ಪರದೆ ಮೇಲೆ ‘ಐ/ಓ ಎರರ್’ ಅಂತ ಸಾಲುಸಾಲು ಬರುತ್ತಿದ್ದರೆ, ಡಿಸ್ಕಿನಿಂದ ಟಕ್ ಟಕ್ ಸದ್ದು ಕೇಳುತ್ತಿದ್ದರೆ, ಈ ಕಮಾಂಡ್ ಕೊಡಬೇಡಿ. ಡಿಸ್ಕೇ ಸಾಯುತ್ತಿರಬಹುದು, ದುಡಿಸಿದಷ್ಟೂ ಕೆಡುತ್ತೆ. ಆಫ್ ಮಾಡಿ, ಡೇಟಾ ತೆಗೆಯಬಲ್ಲವರ ಹತ್ತಿರ ಒಯ್ಯಿರಿ. ಡಿಸ್ಕ್ ಕಾಣ್ತಾನೇ ಇಲ್ಲ ಅಂತ ಪರದೆ ಹೇಳಿದರೆ ಒಳಗಿನ ಕೇಬಲ್ ಸಡಿಲವಾಗಿದೆಯಾ ನೋಡಿಸಿ.

ಎಲ್ಲಾ ಸಲ ಕರೆಂಟಿನದೇ ತಪ್ಪಲ್ಲ. ಡಿಸ್ಕ್ ತುಂಬಿದ್ದರೂ ಪಾಸ್‌ವರ್ಡ್ ಕೊಟ್ಟಷ್ಟೂ ಲಾಗಿನ್ ಪರದೆಗೇ ವಾಪಸ್ ಬರಬಹುದು, ಇಲ್ಲವೇ ಪರದೆ ಮೂಡದೇ ಇರಬಹುದು. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಬರೀ ಅಕ್ಷರದ ಲಾಗಿನ್ ಸಿಗುತ್ತೆ. ಅಲ್ಲಿ ‘ಡಿಎಫ್ -ಹೆಚ್’ ಹೊಡೆದು ನೋಡಿ. 100 ಪರ್ಸೆಂಟ್ ತೋರಿಸಿದರೆ ‘ಸುಡೋ ಎಪಿಟಿ ಕ್ಲೀನ್’ ಕೊಟ್ಟು ಜಾಗ ಮಾಡಿಕೊಂಡು ರೀಸ್ಟಾರ್ಟ್ ಮಾಡಿ. ಸದಾ ಚುಚ್ಚಿಕೊಂಡೇ ಇರುವಂತೆ ಹೊಂದಿಸಿದ ಹೊರಗಿನ ಹಾರ್ಡ್ ಡಿಸ್ಕನ್ನು ಮನೆಗೆ ಒಯ್ದಿದ್ದರೂ ಮಷಿನ್ ಸುಮಾರು 90 ಸೆಕೆಂಡ್ ಕಾದು ‘ಎಮರ್ಜೆನ್ಸಿ ಮೋಡ್’ಗೆ ಹೋಗಿ ಕೂರಬಹುದು. ತಂದು ಚುಚ್ಚಿ ನೋಡಿ.

ಅಪ್‌ಡೇಟ್ ಆದ ಮರುದಿನವೇ ಕೆಟ್ಟಿದ್ದರೆ, ಆನ್ ಮಾಡುತ್ತಲೇ ಶಿಫ್ಟ್ ಅಥವಾ ಎಸ್ಕೇಪ್ ಕೀ ಒತ್ತಿ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಳೇ ಕರ್ನಲ್ ಆರಿಸಿ.

ಯಾವುದಕ್ಕೂ ಜಗ್ಗದಿದ್ದರೆ, ಡಿಸ್ಕ್ ಚೆನ್ನಾಗಿದ್ದರೆ, ಬೇರೆ ಕಂಪ್ಯೂಟರಿನಲ್ಲಿ ಉಬುಂಟು ಪೆನ್‌ಡ್ರೈವ್ ಸಿದ್ಧಮಾಡಿ ಅದರಿಂದಲೇ ಮಷಿನ್ ಶುರು ಮಾಡಿ. ‘ಇನ್‌ಸ್ಟಾಲ್’ ಒತ್ತದೆ ‘ಟ್ರೈ’ ಆರಿಸಿದರೆ ಹಳೇ ಡಿಸ್ಕ್ ತೆರೆದು ಫೈಲು ಕಾಪಿ ಮಾಡಿಕೊಳ್ಳಬಹುದು. ಎನ್‌ಕ್ರಿಪ್ಟ್ ಮಾಡಿಸಿದ್ದವರಿಗೆ ಮಾತ್ರ ಅದರ ಪಾಸ್‌ವರ್ಡ್ ನೆನಪಿರಬೇಕು. ಕಾಪಿ ಮಾಡಿದ ಫೈಲುಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಆಮೇಲೆ ಬೇಕಾದರೆ ಫಾರ್ಮ್ಯಾಟ್ ಹೊಡೆಸಿ.